ಮ್ಯಾಚಿಂಗ್ ಅಂಗಡಿಯಿಂದ ‘ಮಹಾನಟಿ’ಯವರೆಗೆ

2019ರ ಆಗಸ್ಟ್ 9ರಂದು 66ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದಾಗ ನಮಗೆಲ್ಲ ‘ನಾತಿಚರಾಮಿ’ ಮತ್ತು ‘ಕೆಜಿಎಫ್’ನ ಸಂಭ್ರಮ. ತೆಲುಗರಿಗೆ ‘ಮಹಾನಟಿ’ಯ ಕೀರ್ತಿ ಸುರೇಶ್ ಅತ್ಯುತ್ತಮ ನಟಿಯಾದ ಹಿಗ್ಗು. ಅದೇ ಪಟ್ಟಿಯಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಸಾಲಿತ್ತು. ಅತ್ಯುತ್ತಮ ವಸ್ತ್ರವಿನ್ಯಾಸ: ಇಂದ್ರಾಕ್ಷಿ ಪಟ್ನಾಯಕ್, ಗೌರಂಗ್ ಶಾ, ಅರ್ಚನಾ ರಾವ್, ಚಿತ್ರ ‘ಮಹಾನಟಿ’. ಈ ಮೂವರಲ್ಲಿ ಇಬ್ಬರು ಕಸುಬಿಗೆ ಬಂದ ದಾರಿ ಹೈದರಾಬಾದಿನದೇ, ಆದರೆ ಒಂದಕ್ಕೊಂದು ಸಂಬಂಧವಿಲ್ಲದ ದಾರಿಗಳು. ಅರ್ಚನಾ ರಾವ್ ಹೈದರಾಬಾದಿನ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯಲ್ಲಿ (ನಿಫ್ಟ್) ಓದಿ, ನ್ಯೂಯಾರ್ಕಿನ ಪಾರ್ಸನ್ಸ್ ಶಾಲೆಗೂ ಹೋಗಿ ಬಂದವರು. ಗೌರಂಗ್ ಶಾ ವಿನ್ಯಾಸದ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಪ್ಪನ ಮ್ಯಾಚಿಂಗ್ ಅಂಗಡಿಯಲ್ಲಿ ಕೂತು, ಸೀರೆಗೆ ರವಿಕೆ ಬಟ್ಟೆ ಹೊಂದಿಸಿಕೊಡುವುದನ್ನು ನೋಡುತ್ತ, ತಾವೂ ಹೊಂದಿಸಿಕೊಡುತ್ತ ಬೆಳೆದವರು.

ನಮ್ಮ ಮನೆಗಳಲ್ಲಿ ಹೈಸ್ಕೂಲಿನ ಹುಡುಗಿ ಹೊಲಿಗೆ ಮಿಷನ್ನಿನ ಮುಂದೆ ಕೂತರೆ ‘ನಾಳೆ ಗಂಡನ ಮನೇಲಿ ಉಪಯೋಗಕ್ಕೆ ಬರುತ್ತೆ ಬಿಡು’ ಅನ್ನುತ್ತೇವೆ. ಹುಡುಗ ಕೂತರೆ ಅಷ್ಟೂ ಅನ್ನುವುದಿಲ್ಲ, ಎಬ್ಬಿಸಿ ಕಳಿಸುತ್ತೇವೆ. ಪ್ರೋತ್ಸಾಹ ಕೊಡುವ ಮನಸ್ಸಿರುವ ತಂದೆತಾಯಿ ಕೂಡ ಮೊದಲು ಮಾಡುವ ಕೆಲಸ ಸ್ಕೆಚ್ ಬುಕ್ಕು, ಬಣ್ಣದ ಪೆನ್ಸಿಲ್ಲು ತಂದುಕೊಡುವುದು. ಫ್ಯಾಷನ್ ಡಿಸೈನರ್ ಎಂದರೆ ಉದ್ದ ಕಾಲಿನ ತೆಳ್ಳಗಿನ ಹುಡುಗಿಯರ ಚಿತ್ರ ಬರೆಯುವವರು ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿದೆ. ನನ್ನ ಅನಿಸಿಕೆ ಬೇರೆ. ಚಿತ್ರ ಬರೆಯುವ ಕೈ ಆಮೇಲೆ ಬಂದರೂ ನಡೆಯುತ್ತದೆ. ಹದಿಹರೆಯದ ಹವ್ಯಾಸ ಕಸುಬಾಗಿ ಬೆಳೆಯುವುದು ಬಟ್ಟೆಯ ಗುಣ ಕೈಗೆ ಹತ್ತಿದಾಗ, ಮತ್ತು ತನ್ನದಲ್ಲದ ಮೈಗೆ ಹೊಲಿಯುವ ಧೈರ್ಯ ಬಂದಾಗ. ಇದನ್ನು ನೋಡಲು ಹೈದರಾಬಾದಿನಷ್ಟು ಒಳ್ಳೆಯ ಊರು ದಕ್ಷಿಣದಲ್ಲಿ ಕಡಿಮೆ.

ಮ್ಯಾಚಿಂಗ್ ಅಂಗಡಿಯಿಂದಲೇ ಶುರುಮಾಡೋಣ. ಸುಲ್ತಾನ್ ಬಜಾರಿನಲ್ಲೋ ಸಿಕಂದರಾಬಾದಿನ ಜನರಲ್ ಬಜಾರಿನಲ್ಲೋ ಇಂಥ ಅಂಗಡಿಗೆ ಹೋದವರಿಗೆ ಗೊತ್ತು. ಗೋಡೆಯುದ್ದಕ್ಕೂ ನೆಲದಿಂದ ಸೂರಿನವರೆಗೆ ಟೂ ಬೈ ಟೂ ರೂಬಿಯಾದ ಥಾನುಗಳು, ಬಿಳಿಯಿಂದ ಹಿಡಿದು ಕಪ್ಪಿನವರೆಗೆ, ನಡುವೆ ಹಸಿರೊಂದರಲ್ಲೇ ಎಣಿಸಲಾರದಷ್ಟು ಛಾಯೆಗಳು. ಟೂ ಬೈ ಟೂ ಅಂದರೆ ಹಾಸಿನಲ್ಲೂ ಹೊಕ್ಕಿನಲ್ಲೂ ಎರಡೆಳೆ ಸೇರಿಸಿ ಹುರಿಮಾಡಿದ ನೂಲು. ಅದಕ್ಕೇ ಅಷ್ಟು ತೆಳುವಾದ ಹತ್ತಿಯೂ ಕಂಕುಳಲ್ಲಿ ಬೇಗ ಪಿಸಿಯುವುದಿಲ್ಲ. ಗಿರಾಕಿ ಸೀರೆಯನ್ನು ಚೀಲದಿಂದ ತೆಗೆದು ಗಲ್ಲೆಯ ಮೇಲೆ ಹಾಸುತ್ತಾಳೆ. ಅನುಭವಿ ಹುಡುಗ ಸೀರೆಯನ್ನು ಒಮ್ಮೆ ನೋಡಿ, ಏಣಿ ಹತ್ತಿ, ಮೂರು ಥಾನು ಎಳೆದು ಹಾಕುತ್ತಾನೆ. ಮೂರೂ ಒಂದೇ ಬಣ್ಣದಂತೆ ಕಾಣುತ್ತವೆ. ಆಮೇಲೆ ಸೀರೆಯ ಅಂಚನ್ನೂ ಮೂರು ಥಾನುಗಳ ತುದಿಯನ್ನೂ ಹಿಡಿದು ಬಾಗಿಲ ಬಳಿ ಬಿಸಿಲಿಗೆ ಒಡ್ಡುತ್ತಾನೆ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಆಗಿದ್ದ ಬಣ್ಣಗಳು ಅಲ್ಲಿ ಬೇರೆಬೇರೆಯಾಗುತ್ತವೆ. ಎರಡು ಬಟ್ಟೆಗೆ ಹಾಕಿದ ರಂಗು ಬೇರೆಯಾದರೆ ಒಂದು ಬೆಳಕಿನಲ್ಲಿ ಹೊಂದಿಕೊಂಡದ್ದು ಇನ್ನೊಂದರಲ್ಲಿ ಹೊಂದುವುದಿಲ್ಲ. ಸಿನಿಮಾ ಸೆಟ್ಟಿನಲ್ಲಿ ದೀಪ ಬದಲಾದಾಗ ಸೀರೆಯ ಬಣ್ಣ ಏನಾಗುತ್ತದೆ ಎಂಬುದು ಇದೇ ಪಾಠದ ಮುಂದಿನ ತರಗತಿ. ನಾಲ್ಕಾರು ವರ್ಷ ಬಾಗಿಲ ಬಿಸಿಲಿಗೆ ಬಟ್ಟೆ ಹಿಡಿದ ಕಣ್ಣಿಗೆ ಆ ತರಗತಿ ಕಷ್ಟವಾಗುವುದಿಲ್ಲ.

ಗೌರಂಗ್ ಶಾ ಅಲ್ಲಿಂದ ಕೈಮಗ್ಗಕ್ಕೆ ಹೋದರು. ಜಾಮ್‌ದಾನಿ ಅವರ ಪ್ರೀತಿಯ ನೇಯ್ಗೆ. ಅದರಲ್ಲಿ ಹೂವಿನ ಪ್ರತಿಯೊಂದು ಎಳೆಯನ್ನೂ ನೇಕಾರ ಬೆರಳಿನಿಂದಲೇ ಹಾಸಿನೊಳಗೆ ಸೇರಿಸುತ್ತ ಹೋಗುತ್ತಾನೆ. ಯಂತ್ರದ ನೆರವಿಲ್ಲ, ಹಾಗಾಗಿ ಸೆರಗಿನಲ್ಲಿ ಏನನ್ನು ಬೇಕಾದರೂ ಬರೆಯಬಹುದು, ತಾಳ್ಮೆಯೊಂದಿದ್ದರೆ. 2019ರಲ್ಲಿ ರಾಜಾ ರವಿವರ್ಮನ ಚಿತ್ರಗಳನ್ನು ಅವರು ಖಾದಿ ಜಾಮ್‌ದಾನಿ ಸೀರೆಗಳಲ್ಲಿ ನೇಯಿಸಿ ಮುಂಬೈಯಲ್ಲಿ ಪ್ರದರ್ಶನಕ್ಕಿಟ್ಟದ್ದು ದೊಡ್ಡ ಸುದ್ದಿಯಾಯಿತು. ಕ್ಯಾಲೆಂಡರ್ ಆಗಿ ನಮ್ಮ ಗೋಡೆಗಳಿಗೆ ಬಂದ ರವಿವರ್ಮ ಈಗ ಸೀರೆಯೊಳಗೆ ಹೋಗಿದ್ದ.

‘ಮಹಾನಟಿ’ಗೆ ಬೇಕಾದದ್ದು ಬೇರೆ ಬಗೆಯ ಸೀರೆ. ನಾಗ್ ಅಶ್ವಿನ್ ನಿರ್ದೇಶಿಸಿದ, 2018ರ ಮೇ ತಿಂಗಳಲ್ಲಿ ತೆರೆಕಂಡ ಈ ಚಿತ್ರ ನಟಿ ಸಾವಿತ್ರಿಯ ಬದುಕು. ಲಂಗ ತೊಟ್ಟು ನಾಟಕದ ಕಡೆಗೆ ಓಡುವ ಹುಡುಗಿ, 1957ರ ‘ಮಾಯಾಬಜಾರ್’ನ ಶಶಿರೇಖೆ, ಕಾರು ಬಂಗಲೆ ಒಡವೆಗಳ ತಾರೆ, ಎಲ್ಲ ಕಳೆದುಕೊಂಡು 1981ರಲ್ಲಿ ತೀರಿಕೊಂಡ ಹೆಂಗಸು. ಇಷ್ಟನ್ನೂ ಮಾತಿನಲ್ಲಿ ಹೇಳುತ್ತ ಕೂತರೆ ಸಿನಿಮಾ ಮುಗಿಯುವುದೇ ಇಲ್ಲ. ಪ್ರೇಕ್ಷಕನಿಗೆ ‘ಇದು ಐವತ್ತರ ದಶಕ, ಇದು ಅರವತ್ತರದು’ ಎಂದು ತಿಳಿಸಿದ್ದು ರವಿಕೆಯ ತೋಳು, ಸೆರಗಿನ ಉದ್ದ, ಬಟ್ಟೆಯ ಬೀಳು. ಇವತ್ತಿನ ಪಾಲಿಯೆಸ್ಟರ್ ಬೆರೆತ ಸೀರೆಯನ್ನು ಐವತ್ತರ ದಶಕದ ಹಾಗೆ ಉಡಿಸಿದರೆ ಎಂಥ ನಟಿಯಾದರೂ ನೆರಿಗೆ ಸುಳ್ಳು ಹೇಳುತ್ತದೆ. ಅದಕ್ಕೇ ಚಿತ್ರಕ್ಕೆ ಕೈಮಗ್ಗದಲ್ಲಿ ಸೀರೆ ನೇಯಿಸಿದರು. ಕಪ್ಪುಬಿಳುಪಿನ ದೃಶ್ಯಗಳಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ: ಕೆಂಪೂ ಹಸಿರೂ ಒಂದೇ ಬೂದುಬಣ್ಣವಾಗಿ ಬಿಡಬಹುದು. ಆಗ ಅಂಚು ಒಡಲಿಗಿಂತ ಎಷ್ಟು ಗಾಢ, ಎಷ್ಟು ತಿಳಿ ಎಂಬುದೇ ಮುಖ್ಯ. ಬಣ್ಣದ ಹೆಸರು ಲೆಕ್ಕಕ್ಕಿಲ್ಲ.

ಇಲ್ಲಿ ಹೊಲಿಗೆಯ ಮಾತಿಗೆ ಬರಬೇಕು. ಹವ್ಯಾಸ ಹೊಲಿಗೆಯಿಂದ ಶುರುವಾಗುವುದೇ ಹೆಚ್ಚು, ಅದೂ ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ. ಆ ವಯಸ್ಸಿಗೆ ಒಂದು ಕಾರಣವಿದೆ. ಮೈ ಬೆಳೆಯುತ್ತಿರುತ್ತದೆ, ಯುಗಾದಿಗೆ ಹೊಲಿಸಿದ್ದು ದೀಪಾವಳಿಗೆ ಬಿಗಿಯಾಗುತ್ತದೆ. ಬಿಚ್ಚಿ, ಒಳಗೆ ಬಿಟ್ಟ ಮಾರ್ಜಿನ್ ತೆಗೆದು, ಮತ್ತೆ ಹೊಲಿಯಲೇಬೇಕು. ಬಿಚ್ಚುವುದೇ ಮೊದಲ ಪಾಠ. ಅಂಗಡಿಯ ರವಿಕೆಯೊಂದನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ ತುಂಡುಗಳನ್ನು ನೆಲದ ಮೇಲೆ ಹಾಸಿದ ಹುಡುಗಿಗೆ ಯಾವ ಪುಸ್ತಕವೂ ಹೇಳಿಕೊಡದಷ್ಟು ವಿಷಯ ಸಿಗುತ್ತದೆ. ಕಂಕುಳ ಕೊರೆತವನ್ನೇ ನೋಡಿ. ರವಿಕೆಯ ಮುಂಭಾಗದ ಕೊರೆತ ಹಿಂಭಾಗದ್ದಕ್ಕಿಂತ ಸುಮಾರು ಅರ್ಧ ಇಂಚು ಆಳವಾಗಿರುತ್ತದೆ. ಯಾಕೆಂದರೆ ನಮ್ಮ ತೋಳುಗಳು ಕೆಲಸ ಮಾಡುವುದು ಮುಂದಕ್ಕೆ. ಮುಂದೆ ಬಟ್ಟೆ ಹೆಚ್ಚಾದರೆ ಅಲ್ಲಿ ಸುಕ್ಕು ಬೀಳುತ್ತದೆ, ಹಿಂದೆ ಕಡಿಮೆಯಾದರೆ ಬಸ್ಸಿನ ಕಂಬಿ ಹಿಡಿಯಲು ಕೈ ಎತ್ತಿದಾಗ ಬೆನ್ನು ಬಿಗಿಯುತ್ತದೆ. ಎರಡನ್ನೂ ಒಂದೇ ಸಮ ಕತ್ತರಿಸಿ, ಹೊಲಿದು, ತೊಟ್ಟು, ಏನೋ ಸರಿಯಿಲ್ಲ ಎಂದು ಕನ್ನಡಿಯ ಮುಂದೆ ಒದ್ದಾಡಿದ ಮೇಲೆ ಇದು ಗೊತ್ತಾದರೆ ಜನ್ಮಕ್ಕೂ ಮರೆಯುವುದಿಲ್ಲ.

ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಎಳೆದಂತೆ ಬರುತ್ತದೆ, ನೇರ ಕತ್ತರಿಸಿದರೆ ಬರುವುದಿಲ್ಲ. ಕೊರಳ ಸುತ್ತ ಕೊಡುವ ಪೈಪಿಂಗಿಗೆ ಕ್ರಾಸ್ ಪಟ್ಟಿಯೇ ಆಗಬೇಕು ಎಂದು ಟೈಲರುಗಳು ಹೇಳುವುದು ಇದಕ್ಕೆ. ಹತ್ತಿಯ ಲೈನಿಂಗನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿಡಬೇಕು, ಇಲ್ಲವಾದರೆ ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ ಮೇಲಿನ ರೇಷ್ಮೆ ಗುಳ್ಳೆಯೇಳುತ್ತದೆ. ಈ ಪಾಠಗಳಿಗೆಲ್ಲ ಶುಲ್ಕವೆಂದರೆ ಕೆಟ್ಟುಹೋದ ಬಟ್ಟೆ. ಮನೆಯಲ್ಲಿ ಬಯ್ಯದಿದ್ದರೆ ಸಾಕು, ಕಟ್‌ಪೀಸ್ ರಾಶಿಯಲ್ಲಿ ಅಗ್ಗದ ತುಂಡು ಸಿಗುತ್ತದೆ. ಹಳೆಯ ಧೋತರ, ಹರಿದ ಬೆಡ್‌ಶೀಟು ಇನ್ನೂ ಒಳ್ಳೆಯದು.

ಉತ್ತರ ಕರ್ನಾಟಕದವರ ಮನೆಯಲ್ಲಿ ಇದಕ್ಕೆ ಇನ್ನೊಂದು ಆಸ್ತಿಯಿದೆ, ಅಜ್ಜಿಯ ಕುಬಸ. ಗುಳೇದಗುಡ್ಡದ ಖಣದಲ್ಲಿ ಹೊಲಿದ ಹಳೆಯ ಕುಬಸವನ್ನು ಟ್ರಂಕಿನಿಂದ ತೆಗೆದು ನೋಡಿ. ಇಂಗ್ಲಿಷ್ ಮಾದರಿಯ ಟಕ್ಸ್ ಅದರಲ್ಲಿಲ್ಲ. ಮುಂದೆ ಗಂಟು, ಕಂಕುಳಲ್ಲಿ ಸೇರಿಸಿದ ಚಿಕ್ಕ ತುಂಡು, ಖಣದ ಅಂಚು ಎಲ್ಲಿ ಬರಬೇಕೋ ಅಲ್ಲಿ ಬರುವಂತೆ ಕತ್ತರಿಸಿದ ತೋಳು. ಎಳೆಯೂ ಹಾಳಾಗದಂತೆ ಮೈಗೆ ಆಕಾರ ಕೊಟ್ಟ ಆ ಜಾಣ್ಮೆಯನ್ನು ವಿನ್ಯಾಸ ಎಂದು ಕರೆಯಲು ನಮಗೆ ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ!

ಯಂತ್ರಗಳನ್ನು ಅಷ್ಟಾಗಿ ಒಪ್ಪದಿದ್ದ ಗಾಂಧೀಜಿ 1924ರಲ್ಲಿ ಜಿ. ರಾಮಚಂದ್ರನ್ ಜೊತೆ ಮಾತಾಡುತ್ತ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿಯುತ್ತ ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂಬ ಕತೆ ಅವರಿಗೆ ಪ್ರಿಯವಾಗಿತ್ತು. ಕತೆಯ ಸತ್ಯಾಸತ್ಯ ಹೇಗೂ ಇರಲಿ, ಅವರು ಹಿಡಿದ ಎಳೆ ಸರಿಯಾದದ್ದು. ಈ ಯಂತ್ರ ಮನೆಯ ಮೂಲೆಯಲ್ಲಿ ಕೂರುತ್ತದೆ, ಕಾಲಿನಿಂದ ನಡೆಯುತ್ತದೆ, ಕರೆಂಟು ಹೋದರೂ ನಿಲ್ಲುವುದಿಲ್ಲ, ಒಬ್ಬಳೇ ಒಬ್ಬಳಿಗೆ ಸಂಪಾದನೆ ಕೊಡಬಲ್ಲದು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರಗಳು ತಯಾರಾಗತೊಡಗಿದ ಮೇಲೆ ಅದು ನಮ್ಮ ಮಧ್ಯಮವರ್ಗದ ಮದುವೆಯ ಉಡುಗೊರೆಯೂ ಆಯಿತು. ಎಷ್ಟೋ ಮನೆಗಳಲ್ಲಿ ಮಗಳಿಗೆ ಬಾಬಿನ್ನಿಗೆ ದಾರ ಸುತ್ತಲು ಕಲಿಸಿದ್ದು ಅಮ್ಮನ ಮದುವೆಗೆ ಬಂದ ಮಿಷನ್.

ಎರಡನೆಯ ಮೆಟ್ಟಿಲು, ಬೇರೆಯವರಿಗೆ ಹೊಲಿಯುವುದು. ಇಲ್ಲಿ ಬಹಳ ಜನ ನಿಂತುಬಿಡುತ್ತಾರೆ. ತನ್ನ ಮೈಗೆ ಸರಿಹೋಗುವಂತೆ ಹೊಲಿದುಕೊಳ್ಳುವ ಹುಡುಗಿಗೆ ಪಕ್ಕದ ಮನೆಯ ಆಂಟಿಯ ಒಂದು ಭುಜ ಇನ್ನೊಂದಕ್ಕಿಂತ ಇಳಿದಿರುವುದು ಟೇಪು ಹಿಡಿದಾಗ ಗೊತ್ತಾಗುತ್ತದೆ. ಅಳತೆ ಬರೆದುಕೊಳ್ಳುವುದು ಸುಲಭ. ಆಂಟಿ ನಿಲ್ಲುವ ರೀತಿ, ಉಸಿರು ಬಿಗಿಹಿಡಿದು ಸೊಂಟ ಸಣ್ಣ ಮಾಡಿಕೊಳ್ಳುವುದು, ‘ಸ್ವಲ್ಪ ಲೂಸ್ ಇರಲಿ’ ಎಂದವರಿಗೆ ನಿಜವಾಗಿ ಬೇಕಾದದ್ದು ಎಷ್ಟು ಲೂಸು ಎಂಬುದು, ಇವನ್ನು ಅರಿಯಲು ಸಮಯ ಬೇಕು, ಮನುಷ್ಯರ ಮೇಲೆ ಕಕ್ಕುಲಾತಿಯೂ ಬೇಕು. ಸಿನಿಮಾದ ವಸ್ತ್ರವಿನ್ಯಾಸ ಕೊನೆಗೆ ಇದೇ ಕೆಲಸ. ಆಂಟಿಯ ಜಾಗದಲ್ಲಿ ಪಾತ್ರ ಬಂದು ನಿಲ್ಲುತ್ತದೆ ಅಷ್ಟೆ. ಫಾಲ್ ಹಚ್ಚುವುದು, ಪಿಕೋ ಹಾಕುವುದು, ಆಲ್ಟರೇಷನ್ ಮಾಡುವುದು ಇವನ್ನು ಸಣ್ಣ ಕೆಲಸ ಎಂದು ಬಿಟ್ಟವರು ಈ ಕಲಿಕೆಯನ್ನೂ ಬಿಟ್ಟ ಹಾಗೆ.

ಹೈದರಾಬಾದಿನಲ್ಲಿ ಈ ವಿದ್ಯೆ ಬೀದಿಬೀದಿಯಲ್ಲಿದೆ. ಪತ್ಥರ್‌ಗಟ್ಟಿಯ ಅಂಗಡಿಗಳಲ್ಲಿ ಶೇರ್ವಾನಿ, ಲಾಡ್ ಬಜಾರಿನಲ್ಲಿ ಮದುಮಗಳ ಖಡಾ ದುಪಟ್ಟಾ. ಕುರ್ತಾ, ಚೂಡಿದಾರಗಳ ಮೇಲೆ ಸೀರೆಯಷ್ಟೇ ಉದ್ದದ ದುಪಟ್ಟಾವನ್ನು ಹೊಲಿಯದೆ ಸುತ್ತಿ ನಿಲ್ಲಿಸುವ ಆ ಉಡುಗೆ ನಿಜಾಮರ ಕಾಲದ ಮುಸ್ಲಿಂ ಮನೆಗಳಿಂದ ಬಂದದ್ದು, ಇವತ್ತಿಗೂ ಮದುವೆಗಳಲ್ಲಿ ಜೀವಂತ. ನಗರದಿಂದ ಸ್ವಲ್ಪ ದೂರ ಹೋದರೆ ಪೋಚಂಪಳ್ಳಿ, ಅಲ್ಲಿ ನೇಯುವ ಮೊದಲೇ ನೂಲಿಗೆ ಗಂಟು ಕಟ್ಟಿ ಬಣ್ಣ ಹಾಕುತ್ತಾರೆ. ನಮ್ಮ ಗಡಿಯ ಕಡೆ ಬಂದರೆ ಗದ್ವಾಲ, ನಾರಾಯಣಪೇಟೆ. ಗದ್ವಾಲದ ಸೀರೆಗೆ ಹತ್ತಿಯ ಒಡಲು, ರೇಷ್ಮೆಯ ಅಂಚು ಮತ್ತು ಸೆರಗು. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಸಿಕ್ಕಿಸಿ ಜೋಡಿಸುತ್ತಾರೆ. ಇಳಕಲ್ಲಿನವರು ಸೆರಗಿಗೆ ಕೊಂಡಿ ಹಾಕುವುದನ್ನು ನೋಡಿದವರಿಗೆ ಇದು ಅಪರಿಚಿತವೆನಿಸದು. ಇಳಕಲ್ಲನ್ನು ಬಿಟ್ಟರೆ ಕೃಷ್ಣೆಯ ಆಚೆ ಈಚೆಯ ಈ ಊರುಗಳೆಲ್ಲ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಕಟ್ಟಿಕೊಂಡು ಬಾಳಿದ ಕನ್ನಡ ಮನೆತನಗಳ ಹಬ್ಬದ ಸೀರೆಗಳು ಎಲ್ಲಿಂದ ಬರುತ್ತಿದ್ದವೆಂದು ಬೇರೆ ಹೇಳಬೇಕಿಲ್ಲ.

ಈಗ ಹೈದರಾಬಾದಿನಲ್ಲಿ, ನಮ್ಮಲ್ಲಿಯೂ, ಹದಿಹರೆಯದ ಕೈಗಳನ್ನು ಹೆಚ್ಚು ಸೆಳೆಯುತ್ತಿರುವುದು ಮಗ್ಗಂ ವರ್ಕ್. ಹೆಸರು ಮಗ್ಗದ್ದಾದರೂ ಇದು ಕಸೂತಿ. ಮಂಚದಷ್ಟು ಅಗಲದ ಮರದ ಚೌಕಟ್ಟಿಗೆ ರವಿಕೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟುತ್ತಾರೆ. ವಿನ್ಯಾಸವನ್ನು ಟ್ರೇಸಿಂಗ್ ಪೇಪರಿನ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಪೇಪರನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿಪುಡಿಯನ್ನು ಬಟ್ಟೆಯುಂಡೆಯಿಂದ ಉಜ್ಜುತ್ತಾರೆ. ಪೇಪರೆತ್ತಿದರೆ ಚುಕ್ಕೆಗಳಲ್ಲಿ ನವಿಲು. ಆಮೇಲೆ ಆರಿ ಸೂಜಿ. ತುದಿಯಲ್ಲಿ ಸಣ್ಣ ಕೊಕ್ಕೆಯಿರುವ ಅದನ್ನು ಬಲಗೈ ಮೇಲಿನಿಂದ ಚುಚ್ಚುತ್ತದೆ. ಚೌಕಟ್ಟಿನ ಕೆಳಗೆ, ಕಣ್ಣಿಗೆ ಕಾಣದಲ್ಲಿ, ಎಡಗೈ ದಾರವನ್ನು ಕೊಕ್ಕೆಗೆ ಸುತ್ತುತ್ತದೆ. ಸೂಜಿ ದಾರದ ಕುಣಿಕೆಯನ್ನು ಮೇಲೆಳೆದು ಮುಂದಿನ ತೂತಿಗೆ ಹೋಗುತ್ತದೆ. ಸರಪಳಿಯಂತೆ ಹೊಲಿಗೆ ಓಡುತ್ತದೆ. ಕೊಕ್ಕೆಯನ್ನು ಯಾವ ಕಡೆ ಎಷ್ಟು ತಿರುಗಿಸಬೇಕೆಂದು ಬೆರಳಿಗೆ ತಿಳಿಯುವವರೆಗೆ ಬಟ್ಟೆ ಹರಿಯುತ್ತಲೇ ಇರುತ್ತದೆ. ಜರ್ದೋಸಿಯ ಸುರುಳಿತಂತಿ, ಕಟ್‌ದಾನ, ಮುತ್ತುಗಳು ಬರುವುದು ಅನಂತರ. ಕಾರ್ಚೋಬ್ ಎನ್ನುವ ಈ ಚೌಕಟ್ಟಿನ ಮುಂದೆ ನೆಲದ ಮೇಲೆ ಕೂತು ತಲೆಮಾರುಗಳಿಂದ ಇದನ್ನು ಮಾಡಿಕೊಂಡು ಬಂದ ಹಳೆ ಊರಿನ ಕುಶಲಿಗಳ ಕೈಯಿಂದ ಈ ವಿದ್ಯೆ ಈಗ ಅಪಾರ್ಟ್‌ಮೆಂಟಿನ ಹುಡುಗಿಯರ ಕೈಗೂ ಬಂದಿದೆ. ಬರಲಿ. ಆದರೆ ಬೊಟಿಕ್‌ನಲ್ಲಿ ಆ ರವಿಕೆಗೆ ಹಾಕುವ ಬೆಲೆಗೂ ಬೆನ್ನು ಬಾಗಿಸಿ ಕೂತವನಿಗೆ ಸಿಗುವ ಕೂಲಿಗೂ ಇರುವ ಅಂತರ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈ ಸಂಕಟವನ್ನು ಕಸುಬಿನೊಳಗೇ ಎದುರಿಸಿದ ಒಬ್ಬ ಹೆಂಗಸು ಹೈದರಾಬಾದಿನಲ್ಲಿದ್ದರು, ಸುರಯ್ಯಾ ಹಸನ್ ಬೋಸ್. 1928ರಲ್ಲಿ ಹುಟ್ಟಿದವರು. ಸ್ವದೇಶಿಗೆ ಮನೆಯನ್ನೇ ತೆರೆದಿಟ್ಟ ಕುಟುಂಬ. ನೇತಾಜಿಯ ಜೊತೆ ಜಲಾಂತರ್ಗಾಮಿಯಲ್ಲಿ ಪ್ರಯಾಣ ಮಾಡಿದ ಆಬಿದ್ ಹಸನ್ ಸಫ್ರಾನಿ ಅವರ ಚಿಕ್ಕಪ್ಪ. ಇಂಟರ್‌ಮೀಡಿಯಟ್ ಮುಗಿಸಿದ ಹುಡುಗಿ ನೇರವಾಗಿ ಹೋಗಿ ಸೇರಿದ್ದು ಊರಿನ ಗುಡಿಕೈಗಾರಿಕೆಗಳ ಎಂಪೋರಿಯಂಗೆ. ಬಟ್ಟೆ ಮಡಚಿಡುವುದು, ತೋರಿಸುವುದು, ಮಾರುವುದು, ಇಲ್ಲಿಂದ ಶುರು. ಅಲ್ಲಿಂದ ಪುಪುಲ್ ಜಯಕರ್ ಕರೆಯ ಮೇರೆಗೆ ದೆಹಲಿಯ ಕೈಮಗ್ಗ ರಫ್ತು ನಿಗಮ, ಆಮೇಲೆ ಮತ್ತೆ ಹೈದರಾಬಾದ್. ಮುಗಿದೇ ಹೋಗುತ್ತಿದ್ದ ಹಿಮ್ರೂ, ಮಶ್ರೂ ನೇಯ್ಗೆಗಳನ್ನು ಅವರು ಹಿಡಿದು ನಿಲ್ಲಿಸಿದರು. ಮಶ್ರೂ ಅಂದರೆ ಹೊರಗೆ ರೇಷ್ಮೆಯ ಹೊಳಪು, ಮೈಗೆ ತಾಗುವ ಒಳಮೈಗೆ ಹತ್ತಿ. ಹೈದರಾಬಾದಿನ ಬಿಸಿಲಿಗೂ ಮುಸ್ಲಿಮರ ಆಚಾರಕ್ಕೂ ಒಗ್ಗಿದ ಬಟ್ಟೆ. ನಕ್ಷೆಯನ್ನು ದಾರಗಳ ಜಾಲದಲ್ಲಿ ಕಟ್ಟಿಡುವ ಹಿಮ್ರೂ ಮಗ್ಗದ ವಿದ್ಯೆ ಬಲ್ಲವರು ಆಗ ಬೆರಳೆಣಿಕೆಯಷ್ಟು. ಆ ಮಗ್ಗಗಳ ಮುಂದೆ ಸುರಯ್ಯಾ ಕೂರಿಸಿದ್ದು ಗಂಡನನ್ನು ಕಳೆದುಕೊಂಡ, ದುಡಿಮೆ ಬೇಕಾಗಿದ್ದ ಹೆಂಗಸರನ್ನು. ಪಕ್ಕದಲ್ಲೇ ಚಿಕ್ಕಪ್ಪನ ಹೆಸರಿನಲ್ಲಿ ಸಫ್ರಾನಿ ಮೆಮೋರಿಯಲ್ ಶಾಲೆ ನಡೆಸಿ ಅವರ ಮಕ್ಕಳನ್ನು ಓದಿಸಿದರು. 2021ರ ಸೆಪ್ಟೆಂಬರಿನಲ್ಲಿ, ತೊಂಬತ್ತು ದಾಟಿದ ಮೇಲೆ ತೀರಿಕೊಳ್ಳುವವರೆಗೆ ಅವರ ಗುರುತು ಬಟ್ಟೆಯೇ.

ಸುರಯ್ಯಾ ಕೆಲಸಕ್ಕೆ ಸೇರಿದ ಕಾಲಕ್ಕೆ ನಮ್ಮಲ್ಲಿ ಫ್ಯಾಷನ್ ವಿನ್ಯಾಸ ಕಲಿಸುವ ನಿಫ್ಟ್‌ನಂಥ ಶಾಲೆ ಇರಲಿಲ್ಲ. ಅದೇ ಪೀಳಿಗೆಯ ಭಾನು ಅಥೈಯಾ ಕೊಲ್ಹಾಪುರದವರು, ನಮ್ಮ ಬೆಳಗಾವಿಯ ನೆರೆಯವರು. 1929ರಲ್ಲಿ ಹುಟ್ಟಿ, ಚಿತ್ರಕಾರನಾದ ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡು, ಬೊಂಬಾಯಿಯ ಜೆ.ಜೆ. ಕಲಾಶಾಲೆಯಲ್ಲಿ ಚಿನ್ನದ ಪದಕ ಪಡೆದು, ‘ಈವ್ಸ್ ವೀಕ್ಲಿ’ಗೆ ಉಡುಪಿನ ಚಿತ್ರ ಬರೆಯುತ್ತಿದ್ದರು. ಚಿತ್ರ ಚೆನ್ನಾಗಿತ್ತು. ಆದರೆ ಅವರ ಬದುಕು ತಿರುಗಿದ್ದು ಆ ಪತ್ರಿಕೆಯ ಸಂಪಾದಕಿ ಬೊಟಿಕ್ ತೆರೆದು, ಬರೆದದ್ದನ್ನು ಹೊಲಿಸಿ ತೋರಿಸು ಎಂದಾಗ. ಕಾಗದದ ಗೆರೆ ಬಟ್ಟೆಯಾಗಿ ನಿಂತಿತು, ಆ ಬಟ್ಟೆಗಾಗಿ ತಾರೆಯರು ಬಂದರು, ಸಿನಿಮಾ ಬಂತು. 1983ರಲ್ಲಿ ‘ಗಾಂಧಿ’ ಚಿತ್ರಕ್ಕೆ ಜಾನ್ ಮೊಲೊ ಜೊತೆ ಹಂಚಿಕೊಂಡ ಆಸ್ಕರ್ ಭಾರತಕ್ಕೆ ಬಂದ ಮೊದಲನೆಯದು. ನಮ್ಮ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ವಸ್ತ್ರವಿನ್ಯಾಸಕ್ಕೆ ಆಗಿನ್ನೂ ಸ್ಥಾನವೇ ಇರಲಿಲ್ಲ! ಅದು ಸಿಕ್ಕಿದ್ದು 1984ರ ಚಿತ್ರಗಳ ಸಾಲಿನಲ್ಲಿ, ಗಿರೀಶ ಕಾರ್ನಾಡರ ‘ಉತ್ಸವ್’ಗೆ ಉಡುಪು ಮಾಡಿದ ಸಬಾ ಜೈದಿಗೆ. ಮುಂದೆ 1997ರ ‘ತಾಯಿ ಸಾಹೇಬ’ಕ್ಕಾಗಿ ವೈಶಾಲಿ ಕಾಸರವಳ್ಳಿ ಅದೇ ಪ್ರಶಸ್ತಿಯನ್ನು ಕನ್ನಡಕ್ಕೆ ತಂದರು. ರಂಗಭೂಮಿಯಲ್ಲಿ ಬಣ್ಣ ಹಚ್ಚಿ ನಿಂತವರಿಗೆ ಪಾತ್ರದ ಮೈಗೆ ಬಟ್ಟೆ ಹೇಗೆ ಕೂರಬೇಕೆಂದು ಗೊತ್ತಿರುತ್ತದೆ ಎಂಬುದಕ್ಕೆ ಆ ಚಿತ್ರದಲ್ಲಿ ಜಯಮಾಲಾ ಉಟ್ಟ ಸೀರೆಗಳೇ ಸಾಕ್ಷಿ.

ಈಗ ಶಾಲೆಗಳಿವೆ. ನಿಫ್ಟ್ ದೆಹಲಿಯಲ್ಲಿ 1986ರಲ್ಲಿ ಶುರುವಾಯಿತು, ಹೈದರಾಬಾದಿಗೆ 1995ರಲ್ಲಿ ಬಂತು. ನಮ್ಮವರಿಗೆ ಬೆಂಗಳೂರಿನದೂ ಇದೆ, ಕಾಸರಗೋಡಿನವರಿಗೆ ಕಣ್ಣೂರು ಹತ್ತಿರ. ನಾಲ್ಕು ವರ್ಷದ ವಿನ್ಯಾಸ ಪದವಿಯ ಪ್ರವೇಶದಲ್ಲಿ ಲಿಖಿತ ಪರೀಕ್ಷೆಯಷ್ಟೇ ಅಲ್ಲದೆ ಸಿಚುಯೇಷನ್ ಟೆಸ್ಟ್ ಎಂಬುದೊಂದಿದೆ: ಕಾಗದ, ದಾರ, ತಂತಿಯಂಥ ಒಂದಿಷ್ಟು ಸಾಮಾನು ಕೊಟ್ಟು, ಕೊಟ್ಟ ವಿಷಯಕ್ಕೆ ತಕ್ಕಂತೆ ಏನಾದರೂ ಮಾಡಿ ನಿಲ್ಲಿಸಿ ಎನ್ನುತ್ತಾರೆ. ಮನೆಯಲ್ಲಿ ಬಿಚ್ಚಿ ಹೊಲಿದು ಅಂಟಿಸಿ ಬೆಳೆದ ಮಕ್ಕಳಿಗೆ ಅಲ್ಲಿ ಕೈ ನಡುಗುವುದಿಲ್ಲ. ಶಾಲೆ ಕೊಡುವುದು ಮುಖ್ಯವಾಗಿ ಎರಡು. ಒಂದು, ಪ್ಯಾಟರ್ನ್. ಟೈಲರ್ ನೇರ ಬಟ್ಟೆಯ ಮೇಲೆ ಸುಣ್ಣದ ಗೆರೆ ಎಳೆದು ಕತ್ತರಿಸುತ್ತಾನೆ. ಶಾಲೆಯಲ್ಲಿ ಅದನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ ಇಳಿಸಲು, ಒಂದೇ ಅಚ್ಚಿನಿಂದ ಹಲವು ಅಳತೆ ತೆಗೆಯಲು ಕಲಿಯುತ್ತಾರೆ. ‘ಲಮ್ಹೇ’, ‘ದೇವದಾಸ್’, ‘ಜೋಧಾ ಅಕ್ಬರ್’ಗಳಿಗೆ ರಾಷ್ಟ್ರೀಯ ಪ್ರಶಸ್ತಿ ಪಡೆದ ನೀತಾ ಲುಲ್ಲಾ ಮುಂಬೈಯ ಎಸ್‌ಎನ್‌ಡಿಟಿಯಲ್ಲಿ ಕಲಿತದ್ದೂ ಈ ಪ್ಯಾಟರ್ನ್ ವಿದ್ಯೆಯನ್ನೇ. ಇನ್ನೊಂದು, ನೇಕಾರರ ಮತ್ತು ಕುಶಲಕರ್ಮಿಗಳ ಊರಿಗೆ ಹೋಗಿ ಇದ್ದು ಕಲಿಯುವ ಅವಕಾಶ. ಹೀಗೆ ಹೋದ ನಗರದ ಮಕ್ಕಳು ಅಲ್ಲಿಂದ ನಕ್ಷೆ ತರುವುದಕ್ಕಿಂತ ಹೆಚ್ಚಾಗಿ, ಒಂದು ಸೀರೆ ಮಗ್ಗದಿಂದ ಇಳಿಯಲು ಎಷ್ಟು ದಿನ ಬೇಕು ಎಂಬ ಅರಿವು ತರುತ್ತಾರೆ. ಆಮೇಲೆ ಅವರು ಚೌಕಾಸಿ ಮಾಡುವುದು ಕಷ್ಟ.

ಹೈದರಾಬಾದಿನಲ್ಲಿ ಕಲಿತವರಿಗೆ ಸಿನಿಮಾದ ಬಾಗಿಲೂ ಹತ್ತಿರವಿದೆ. ಮದ್ರಾಸಿನಿಂದ ತೆಲುಗು ಚಿತ್ರೋದ್ಯಮ ಇಲ್ಲಿಗೆ ಬಂದು ನೆಲೆಯೂರಿದ ಮೇಲೆ, ಅನ್ನಪೂರ್ಣ ಸ್ಟುಡಿಯೋ, ರಾಮೋಜಿ ಫಿಲ್ಮ್ ಸಿಟಿಗಳಲ್ಲಿ ವರ್ಷವಿಡೀ ಕೆಲಸ. ಮೊದಲ ಕೆಲಸ ಮಾತ್ರ ಯಾವತ್ತೂ ಸಹಾಯಕಿಯದು. ಮಳೆಯ ದೃಶ್ಯವಿದ್ದರೆ ಒಂದೇ ಉಡುಪು ಹಲವು ಜೊತೆ ಬೇಕು, ನೆನೆದದ್ದನ್ನು ಬಿಚ್ಚಿ ಒಣಗಿದ್ದನ್ನು ತೊಡಿಸಿ ಮತ್ತೆ ಚಿತ್ರೀಕರಿಸಬೇಕಲ್ಲ. ಹಳೆಯದಾಗಿ ಕಾಣಬೇಕಾದ ಬಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ, ಮೊಣಕೈ ಜಾಗವನ್ನು ಮರಳು ಕಾಗದದಿಂದ ಉಜ್ಜಿ ಸವೆಸಬೇಕು. ಹತ್ತು ದಿನದ ಹಿಂದೆ ತೆಗೆದ ದೃಶ್ಯದಲ್ಲಿ ನಾಯಕಿಯ ಸೆರಗು ಯಾವ ಭುಜದಲ್ಲಿ ಎಷ್ಟು ಇಳಿದಿತ್ತೆಂದು ಫೋಟೊ ಇಟ್ಟುಕೊಂಡಿರಬೇಕು. ಬೆಳಗಿನ ನಾಲ್ಕಕ್ಕೆ ಇಸ್ತ್ರಿ ಪೆಟ್ಟಿಗೆ ಬಿಸಿಯಾಗಿರಬೇಕು. ತನ್ನ ಹೆಸರು ತೆರೆಯ ಮೇಲೆ ಬರಲು ವರ್ಷಗಳೇ ಹಿಡಿಯುತ್ತವೆ, ಬಂದಾಗಲೂ ಓದುವಷ್ಟು ಹೊತ್ತು ನಿಲ್ಲುವುದಿಲ್ಲ. ಇದಕ್ಕೆ ತಯಾರಿರುವವರಿಗೆ ಮಾತ್ರ ಈ ದಾರಿ ಎಂದು ಮಕ್ಕಳಿಗೆ ಮೊದಲೇ ಹೇಳುವುದು ಒಳ್ಳೆಯದು. ಸಿನಿಮಾ ಬೇಡವೆಂದರೆ ನಾಟಕವಿದೆ, ನೃತ್ಯವಿದೆ, ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಬಟ್ಟೆ ಉಳಿಸುವ ಕೆಲಸವಿದೆ, ತನ್ನದೇ ನಾಲ್ಕು ಮಿಷನ್ನಿನ ಬೊಟಿಕ್ ಇದೆ.

ನಾಲ್ಕು ವರ್ಷದ ಶುಲ್ಕ ಕಟ್ಟಲಾಗದ ಮನೆಗಳೂ ಬೇಕಾದಷ್ಟಿವೆ, ಅದನ್ನು ಮರೆತು ಬರೆದರೆ ಅರ್ಧ ಸತ್ಯವಾಗುತ್ತದೆ. ಐಟಿಐಗಳಲ್ಲಿ ಡ್ರೆಸ್ ಮೇಕಿಂಗ್, ಸ್ಯೂಯಿಂಗ್ ಟೆಕ್ನಾಲಜಿ ಎಂಬ ಒಂದು ವರ್ಷದ ತರಬೇತಿಗಳಿವೆ, ಶುಲ್ಕ ಹಗುರ. ಅಲ್ಲಿ ಕಲಿತು ಹೊರಬಂದ ಹುಡುಗಿಗೆ ನಾನು ಹೇಳುವುದಿದ್ದರೆ ದುಡ್ಡಿನ ಮಾತು. ರವಿಕೆಗೆ ಬೆಲೆ ಹೇಳುವಾಗ ದಾರ, ಲೈನಿಂಗ್, ಹುಕ್ಕುಗಳ ಖರ್ಚಿನ ಜೊತೆಗೆ ಕೂತ ಗಂಟೆಗಳನ್ನೂ ಸೇರಿಸಬೇಕು. ‘ಮನೇಲೇ ಹೊಲೀತೀಯಲ್ಲ, ಕಡಿಮೆ ಮಾಡ್ಕೋ’ ಎನ್ನುವವರು ಹತ್ತಿರದ ನೆಂಟರೇ ಆಗಿರುತ್ತಾರೆ. ಹವ್ಯಾಸ ಹವ್ಯಾಸವಾಗಿಯೇ ಉಳಿದುಬಿಡುವುದು ಬಹಳ ಸಲ ಇಲ್ಲಿ, ಪ್ರತಿಭೆ ಸಾಲದೆ ಅಲ್ಲ.

ಹುಡುಗರ ವಿಷಯಕ್ಕೂ ಬರಬೇಕು. ಬೀದಿಯ ಟೈಲರ್ ಅಂಗಡಿಯಲ್ಲಿ ಗಂಡಸು ಹೊಲಿದರೆ ಕಸುಬು, ಓದಿದ ಮನೆಯ ಮಗ ಹೊಲಿದರೆ ಅವಮಾನ ಎಂದುಕೊಳ್ಳುವುದನ್ನು ನಾವು ಬಿಡಬೇಕು. ಮ್ಯಾಚಿಂಗ್ ಅಂಗಡಿಯ ಹುಡುಗನನ್ನು ಅವತ್ತು ಯಾರಾದರೂ ಎಬ್ಬಿಸಿ ಕಳಿಸಿದ್ದರೆ ಸಾವಿತ್ರಿಗೆ ಆ ಸೀರೆಗಳು ಸಿಗುತ್ತಿರಲಿಲ್ಲ.

ಕೊನೆಯದಾಗಿ ಒಂದು ಉಪಯೋಗದ ಮಾಹಿತಿ. ಬೀದರ್, ಯಾದಗಿರಿ, ರಾಯಚೂರಿನ ಮಕ್ಕಳಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಮತ್ತು ನಿಫ್ಟ್‌ನಲ್ಲಿ ಕುಶಲಕರ್ಮಿಗಳಿಗೂ ಅವರ ಮಕ್ಕಳಿಗೂ ಪ್ರತ್ಯೇಕ ಪ್ರವೇಶ ವ್ಯವಸ್ಥೆಯಿದೆ. ಕೇಂದ್ರದ ಕೈಮಗ್ಗ ಅಥವಾ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಟ್ಟ ಗುರುತಿನ ಕಾರ್ಡು ಅದಕ್ಕೆ ಬೇಕು. ಇಳಕಲ್ಲಿನಲ್ಲಿ ಮಗ್ಗ ನಡೆಸುವವರ, ಗುಳೇದಗುಡ್ಡದಲ್ಲಿ ಖಣ ನೇಯುವವರ, ಸಂಡೂರಿನಲ್ಲಿ ಲಂಬಾಣಿ ಕಸೂತಿ ಹಾಕುವವರ ಮನೆಯಲ್ಲಿ ಆ ಕಾರ್ಡು ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದರೆ, ಅವಧಿ ಮುಗಿದಿದೆಯೇ ಎಂದು ನೋಡಿ, ಮುಗಿದಿದ್ದರೆ ಮಗಳು ಪಿಯುಸಿಗೆ ಬರುವ ಮೊದಲೇ ನವೀಕರಿಸಿಡಿ.